ಕೆಂಪು ಬಾವುಟದ ಆಚೆ

ಕಣಕಟ್ಟೆ ಕಡೆಯ ಆ ಗುಡ್ಡದ ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಗುಡ್ಡದ ಹಿಂದಿನ ಕಾಲೋನಿಗೆ ಉಳಿಯುವುದು ಧೂಳು ಮಾತ್ರ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ. ಕಾಲೋನಿಗಿರುವ ದಾರಿಯೂ ಒಂದೇ, ಅದೂ ಕ್ವಾರಿಯ ಬಂಡೆಯ ಬುಡದಲ್ಲಿ ಹಾಯುವುದು. ಬಂಡೆ ಸಿಡಿಸುವ ಹೊತ್ತಿಗೆ ಆ ದಾರಿಗೆ ಹಗ್ಗ ಕಟ್ಟಿ, ಕೆಂಪು ಬಾವುಟ ಹಿಡಿದು ನಿಲ್ಲುವವನು ಗುರುಮೂರ್ತಿ. ಅವನು ಸೀಟಿ ಊದದೆ ಬಂಡೆ ಸಿಡಿಸುವಂತಿಲ್ಲ.

ಅವತ್ತು ಹಗ್ಗದ ಈಚೆ ಆಂಬುಲೆನ್ಸ್ ಬಂದು ನಿಂತಿತ್ತು. ಆಚೆ, ಕಾಲೋನಿಯಲ್ಲಿ, ಅವನ ತಂಗಿ ಮಂಜುಳಾ ಬೆಳಗಿನಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಮಗು ಅಡ್ಡ ತಿರುಗಿದೆ, ತಡವಾದರೆ ಇಬ್ಬರೂ ಉಳಿಯುವುದಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಿದ್ದಳು.

ಗುರುಮೂರ್ತಿ ಮ್ಯಾನೇಜರನಿಗೆ ಫೋನ್ ಮಾಡಿದ. ಕುಳಿಗಳಿಗೆಲ್ಲ ಮದ್ದು ತುಂಬಿದೆ, ಸಿಡಿಯುವ ತನಕ ಯಾರನ್ನೂ ಬಿಡಬೇಡ, ಕಾನೂನು ಎಂದ ಅವನು. ಹಾಗಾದರೆ ಈಗಲೇ ಸಿಡಿಸಿಬಿಡಿ ಅಂದರೆ ಅದೂ ಆಗುವುದಿಲ್ಲವಂತೆ. ಕ್ವಾರಿಯ ಸಾಹುಕಾರರು ಕಲ್ಲು ಕೊಳ್ಳುವವರನ್ನು ಕರೆತರುತ್ತಿದ್ದಾರೆ, ಅವರು ಸಿಡಿಯುವುದನ್ನು ಕಣ್ಣಾರೆ ನೋಡಬೇಕಂತೆ. ಅಯ್ಯೋ ಶಿವನೇ, ಇದೆಂಥ ನ್ಯಾಯ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಆ ಪೂಜಾರಿಕೆ ತನ್ನ ಪಾಲಿಗೇ ಬಂತಲ್ಲ ಎಂದು ಗುರುಮೂರ್ತಿ ತನ್ನನ್ನೇ ಬೈದುಕೊಂಡ. ಕಾಲೋನಿಯಿಂದ ತಾಯಿ ಹನುಮಕ್ಕ ಫೋನ್ ಮಾಡಿ ಬರೀ ಅತ್ತಳು. ಆಂಬುಲೆನ್ಸ್ ಮನೆ ಹತ್ತಿರ ಬಂದೇಬಿಟ್ಟಿತು ಕಣವ್ವ ಎಂದು ಸುಳ್ಳು ಹೇಳಿದ.

ಕೊನೆಗೂ ಸಾಹುಕಾರರ ಕಾರು ಬಂತು. ಕಾರೊಂದನ್ನೇ ಬಿಡು ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದ. ಕಾನೂನು ಎಲ್ಲಿ ಹಾಳಾಗಿ ಹೋಯಿತೋ! ಗುರುಮೂರ್ತಿ ಹಗ್ಗ ಬಿಚ್ಚಿದ. ಬಿಚ್ಚಿದವನೇ ಹೋಗಿ ಕಾರಿಗೆ ಬಾವುಟ ಅಡ್ಡ ಹಿಡಿದ. ನಾನು ಸೀಟಿ ಊದುವ ತನಕ ಸಿಡಿಯುವುದಿಲ್ಲ, ನೀವು ಹೋಗಿ ಎಂದು ಆಂಬುಲೆನ್ಸಿನವನಿಗೆ ಕೈ ಬೀಸಿದ.

ಸಾಹುಕಾರರು ಗಾಜು ಇಳಿಸಿ, ಯಾರೋ ನೀನು ಎಂದರು. ವರ್ಷಗಟ್ಟಲೆ ಅವರ ಕಾರಿಗೆ ಸಲಾಮು ಹೊಡೆದವನನ್ನು ಕೇಳುವ ಮಾತೇ ಇದು?

"ತಂಗಿ ಹೆರಿಗೆ ನೋವಲ್ಲಿ ಅವ್ಳೆ ಸಾರ್. ಮೊದ್ಲು ಅವಳು ದಾಟ್ಲಿ."

ನಾಳೆಯಿಂದ ಈ ಕಡೆ ತಲೆ ಹಾಕಬೇಡ ಎಂದರು ಅವರು. ಗುರುಮೂರ್ತಿ ಕದಲಲಿಲ್ಲ. ಆಂಬುಲೆನ್ಸ್ ಮಂಜುಳಾಳನ್ನು ಹೊತ್ತು ವಾಪಸು ಬಂದ ಮೇಲೆ, ಬಾವುಟವನ್ನು ಕಾರಿನ ಬಾನೆಟ್ ಮೇಲಿಟ್ಟು ತಾನೂ ಆಂಬುಲೆನ್ಸ್ ಹತ್ತಿ ತಂಗಿಯ ಪಕ್ಕ ಕೂತ.

ಅವಳ ಮುಖ ಬಿಳಿಚಿಕೊಂಡಿತ್ತು. ಅಣ್ಣನ ಜೇಬಿನಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುವುದನ್ನು ಕೇಳಿ ಅವನ ಕೈ ಹಿಡಿದಳು.

"ಕೆಲ್ಸ ಹೋಯ್ತೇನಣ್ಣ?"

"ಹೋಗ್ಲಿ ಬಿಡು. ನೀನು ಉಳ್ಕೊ, ಮಂಜಿ."