ಹೆಂಚಿನ ಕಾರ್ಖಾನೆಯ ಫಾರ್ವರ್ಡ್

ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದೆ ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ನಾನು ಹನ್ನೊಂದು ವರ್ಷ ಹೊರೆದೆ. ಮೊದಲು ಮುಳಬಾಗಿಲಿನ ಬಸ್ ಕಂಪನಿಗೆ, ಆಮೇಲೆ ಶ್ರೀನಿವಾಸಪುರದ ಮಾವಿನ ಮಂಡಿಯವರಿಗೆ, ಕೊನೆಗೆ ಮಾಲೂರಿನ ವೆಂಕಟರಾಯಪ್ಪನವರ ಹೆಂಚಿನ ಕಾರ್ಖಾನೆಗೆ ಆಡಿದೆ. ಹೆಸರಿಗೆ ನಾನು ಹೆಂಚು ಸುಡುವ ಗೂಡಿನ ಮೇಸ್ತ್ರಿ, ಕೆಲಸ ಮಾತ್ರ ಗೋಲು ಹೊಡೆಯುವುದು. ದೊಡ್ಡ ಆಟಗಾರನೇನಲ್ಲ. ಹತ್ತು ಸಲ ಒದ್ದರೆ ಎರಡು ಒಳಗೆ ಹೋಗುತ್ತಿದ್ದವು. ಆ ಎರಡಕ್ಕೇ ನನ್ನನ್ನು ಸಾಕುತ್ತಿದ್ದರು.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ನನಗೆ ಮೂವತ್ತೆರಡು. ಬಲಮಂಡಿ ಕೂತರೆ ಏಳಲು ಬಿಡುತ್ತಿರಲಿಲ್ಲ. ಅದು ನನಗೂ ಹೆಂಡತಿ ಮುನಿಯಲ್ಲಮ್ಮನಿಗೂ ಬಿಟ್ಟರೆ ಯಾರಿಗೂ ತಿಳಿಯದು. ಕಾಲು ಹೋದವರನ್ನು ಕಾರ್ಖಾನೆ ಮನೆಗೆ ಕಳಿಸುತ್ತಿರಲಿಲ್ಲ, ಮಣ್ಣು ಹೊರಲು ಹಚ್ಚುತ್ತಿತ್ತು. ನನಗಿಂತ ಮುಂಚೆ ಫಾರ್ವರ್ಡ್ ಆಗಿದ್ದ ಪೆದ್ದಪ್ಪ ದಿನವೂ ಕುಂಟುತ್ತಾ ಬುಟ್ಟಿ ಹೊರುತ್ತಿದ್ದ. ಅವನು ಎದುರಾದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಅಂಥ ಹೊತ್ತಿನಲ್ಲಿ ಹಳೆಯ ಜೊತೆಗಾರ ಕದಿರೇಶ ಬೆಂಗಳೂರಿನ ರೈಲಿನಲ್ಲಿ ಬಂದಿಳಿದ.

"ನಮ್ ಫ್ಯಾಕ್ಟ್ರಿ ಟೀಮಿಗೆ ಫಾರ್ವರ್ಡ್ ಬೇಕು ಕಣೋ ಆವಲಪ್ಪ. ಲೇತ್ ಕೆಲ್ಸಾನೂ ಕಲಿಸ್ತಾರೆ. ಕಾಲು ಹೋದ್ರೂ ಕೈ ಇರ್ತದೆ. ನಿಮ್ ಯಜಮಾನ್ರ ಹತ್ರ ಬಿಡುಗಡೆ ಕಾಗ್ದ ಇಸ್ಕೊಂಡು ಬಾ. ಅದಿಲ್ದೆ ಸೇರಿಸ್ಕೊಳ್ಳಲ್ಲ."

ಕಾಗದ ಕೇಳಿದಾಗ ವೆಂಕಟರಾಯಪ್ಪನವರು ಸಿಡುಕಲಿಲ್ಲ. "ಏಮ್ರಾ, ಹೊರಟೇಬಿಟ್ಯಾ? ಕೋಲಾರದ ಕಪ್ ಗೆದ್ದುಕೊಡು, ಆಮೇಲೆ ನೋಡೋಣ" ಎಂದು ನಕ್ಕರು. ಆ ನಗುವನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಬೈರಕೂರಿನಲ್ಲಿದ್ದ ಅಪ್ಪನಿಗೆ ಸುದ್ದಿ ಹೇಳಿ ಕಳಿಸಲಿಲ್ಲ. ಬೆಂಗಳೂರು ಎಂದರೆ ಮುದುಕ ಹೆದರುತ್ತಾನೆ, ಕಾಗದ ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಫೈನಲ್ಲಿನಲ್ಲಿ ಎದುರಿಗಿದ್ದವರು ಸೋಲ್ಜರುಗಳು. ಅವರಿಗೆ ಬೂಟು, ನಮಗೆ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಚೂರು. ಆಟ ಮುಗಿಯುವ ಹೊತ್ತಿಗೆ ಒಂದೊಂದು ಗೋಲಾಗಿ ಸಮವಾಗಿತ್ತು. ಎಡಗಡೆಯಿಂದ ಚೆಂಡು ಬಂತು. ಎಡಗಾಲಲ್ಲಿ ಒದೆಯಲು ಬಲಮಂಡಿಯ ಮೇಲೆ ಭಾರ ಬಿಡಬೇಕು. ಬಿಟ್ಟೆ. ಒಳಗೇನೋ ಹರಿದ ಹಾಗಾಯಿತು. ಕಣ್ಣು ಕತ್ತಲಿಟ್ಟಿತು. ಗೋಲಾಯಿತೆಂದು ಗೊತ್ತಾದದ್ದು ಜನರ ಕೂಗಿನಿಂದ.

ಕುಂಟುವುದು ಕಾಣದಂತೆ ಹಲ್ಲು ಕಚ್ಚಿಕೊಂಡು ಯಜಮಾನರ ಹತ್ತಿರ ನಡೆದೆ. ಆಟ ನೋಡಲು ಬಂದಿದ್ದ ಕದಿರೇಶನೂ ಹಿಂದೆಯೇ ಬಂದ. "ಕಾಗ್ದ, ಸ್ವಾಮಿ" ಎಂದೆ.

"ಕಾಗ್ದ ಯಾಕಪ್ಪ ಈಗ? ನಿಮ್ಮಪ್ಪನ್ನೇ ಕೇಳು" ಎಂದು ಪಕ್ಕಕ್ಕೆ ಸರಿದರು.

ಅವರ ಹಿಂದೆ ಬೆಂಚಿನ ಮೇಲೆ ನನ್ನ ಅಪ್ಪ ಮುನಿರಾಮಪ್ಪ ಕೂತಿದ್ದ. ಹೊಸ ಪಂಚೆ, ಹೊಸ ರುಮಾಲು. ಬಾಯಿ ತುಂಬ ಎಲೆಅಡಿಕೆ. ಚೆಂಡಾಡುವ ಮಗನಿದ್ದಾನೆಂದು ಹೇಳಿಕೊಳ್ಳಲು ನಾಚಿ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಮೈದಾನದ ಕಡೆ ತಲೆ ಹಾಕದವನು.

"ಎಂಥಾ ದೊಡ್ ಮನುಷ್ಯರೋ ಇವ್ರು! ಬೆಳಿಗ್ಗೆ ನಮ್ಮನೆ ಬಾಗ್ಲಿಗೇ ಬಂದ್ರು. ಊರೋರ್ ಮುಂದೆ ತಾಂಬೂಲ ಕೊಟ್ರು. ಇನ್ನೂ ಮೂರ್ ವರ್ಷ ನೀನು ಇವ್ರ ಹತ್ರಾನೇ ಅಂತ ನಾನೇ ಮಾತ್ ಕೊಟ್ಬಿಟ್ಟೆ ಕಣೋ."

ನಮ್ಮ ಕಡೆ ಮಗನ ದುಡಿಮೆಗೆ ಅಪ್ಪ ಹತ್ತು ಜನರೆದುರು ತಾಂಬೂಲ ಹಿಡಿದರೆ ಮುಗಿಯಿತು. ಮಗ ಅದನ್ನು ಮೀರಿ ಹೋದರೆ ಊರಿನಲ್ಲಿ ಅಪ್ಪ ಮತ್ತೆ ತಲೆ ಎತ್ತುವ ಹಾಗಿಲ್ಲ. ಯಾವ ಕಾಗದ ಬಂದರೂ ಅದು ಬಿಚ್ಚುವ ಗಂಟಲ್ಲ. ವೆಂಕಟರಾಯಪ್ಪನವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ನನಗೆ ಬಂದ ಸಿಟ್ಟು ಯಜಮಾನರ ಮೇಲಲ್ಲ, ಅಪ್ಪನ ಮೇಲೆ. ಆ ಹೊಸ ರುಮಾಲನ್ನು ಕಿತ್ತೆಸೆಯಬೇಕೆನ್ನಿಸಿತು. ಮೂರು ವರ್ಷವಿರಲಿ, ಈ ಕಾಲು ಮೂರು ದಿನ ನಡೆಯುವುದಿಲ್ಲ ಎಂದು ಕೂಗಬೇಕೆನ್ನಿಸಿತು. ಕದಿರೇಶ ನನ್ನ ಮುಖ ನೋಡಿದ, ಸ್ಟೇಷನ್ನಿನ ಕಡೆ ಹೊರಟುಹೋದ.

"ಸಂತೋಷ ಆಯ್ತೇನೋ?" ಎಂದ ಅಪ್ಪ.

"ಆಯ್ತಪ್ಪ."

ಅವನು ನನ್ನ ರಟ್ಟೆ ಹಿಡಿದು, ಸುತ್ತ ಇದ್ದ ಗುರುತಿಲ್ಲದ ಜನರ ಕಡೆ ತಿರುಗಿದ. "ಇವ್ನು ನನ್ ಮಗ" ಎಂದು ಗಟ್ಟಿಯಾಗಿ ಹೇಳಿದ.