ಕೆರೆಯಂಗಳದ ಗಾಜು

ವೆಂಕಟಲಕ್ಷ್ಮಮ್ಮ ಅಂದು ಸೊಪ್ಪಿನ ಕುಕ್ಕೆ ಹೊತ್ತು ಕುಂಟುತ್ತಾ ಬಂದಳು. ಬಲಗಾಲಿಗೆ ಹಳೆ ಸೀರೆಯ ತುಂಡು ಸುತ್ತಿತ್ತು. ರಾಜಾಜಿನಗರದ ವಠಾರದ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಮುನಿರಾಮಯ್ಯ, "ಏನಾಯ್ತಮ್ಮಾ ಕಾಲಿಗೆ?" ಎಂದು ಕೇಳಿದ.

"ಗಾಜು ಕಣಣ್ಣಾ. ನಮ್ಮೂರ ಕೆರೆ ಅಂಗಳದಾಗೆ ಹೊನಗೊನ್ನೆ ಸೊಪ್ಪು ಕೀಳಕ್ಕೆ ಇಳಿದಿದ್ದೆ. ಯಾವನೋ ಹಾಳಾದೋನು ಮೂಟೆಗಟ್ಲೆ ತಂದು ಎಸ್ದವ್ನೆ. ಬ್ಲೇಡು, ಇಂಜೆಕ್ಷನ್ ಸೂಜಿ, ಎಲ್ಲಾ ಐತೆ. ನಮ್ಮ ಕೇರೀಲಿ ನಾಕು ಜನಕ್ಕೆ ಚುಚ್ಚೈತೆ. ನೀವು ಗಾಜು ಆರ್ಸೋ ಕೆಲ್ಸ ಮಾಡೋರಲ್ವಾ, ಒಂದ್ಸಲ ಬಂದು ನೋಡಿ."

ಅದೇ ಕೆಲಸ, ನಿಜ. ಬಿನ್ನಿಪೇಟೆಯ ಮಿಲ್ಲೊಂದರಲ್ಲಿ ಇಪ್ಪತ್ತು ವರ್ಷ ಒಟ್ಟಿಗೆ ಮಗ್ಗ ನೋಡಿಕೊಂಡಿದ್ದ ಮುನಿರಾಮಯ್ಯ ಮತ್ತು ಲಕ್ಷ್ಮೀಪತಿ ಅಲ್ಲಿ ಕೆಲಸ ಬಿಟ್ಟ ಮೇಲೆ ಈ ವ್ಯವಹಾರ ಶುರು ಮಾಡಿದ್ದರು. ಪಾರ್ಕಿನ ಹುಲ್ಲಲ್ಲಿ ಬಿದ್ದ ಒಡೆದ ಬಾಟಲಿ, ಸೂಜಿ ಆರಿಸುವುದಕ್ಕೂ ಒಂದು ಕಂಪನಿಯೇ ಎಂದು ಬೀದಿಯವರು ನಕ್ಕಿದ್ದರು. ಆರು ತಿಂಗಳಲ್ಲಿ ಆ ನಗು ನಿಂತಿತ್ತು; ಕೆಲಸಕ್ಕೆ ದುಡ್ಡು ಕೊಡುತ್ತಿದ್ದ ಬಡಾವಣೆ ಸಂಘದವರು ಪಾರ್ಕು ಚೊಕ್ಕಟವಾಯಿತೆಂದು ಮುನಿರಾಮಯ್ಯನಿಗೆ ಹಾರವನ್ನೂ ಹಾಕಿದ್ದರು. ಮುನಿರಾಮಯ್ಯ ಆರಿಸಿ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದ. ಲಕ್ಷ್ಮೀಪತಿ ಅದನ್ನು ಎತ್ತಿನಗಾಡಿಯಲ್ಲಿ ಕೆಂಗೇರಿಯಾಚೆಯ ಪಾಳು ಕಲ್ಲುಕ್ವಾರಿಗೆ ಸಾಗಿಸಿ ಹೂಳುತ್ತಿದ್ದ. ಬರುವ ವಾರ ವಿಜಯನಗರದ ಪಾರ್ಕಿನ ಕೆಲಸವೂ ಕೈಸೇರುವುದರಲ್ಲಿತ್ತು.

ಮಧ್ಯಾಹ್ನ ವೆಂಕಟಲಕ್ಷ್ಮಮ್ಮನ ಜೊತೆ ಕೆರೆಗೆ ಹೋದ ಮುನಿರಾಮಯ್ಯ ಚೀಲಗಳ ಮುಂದೆ ಕುಕ್ಕರಿಸಿ ಕೂತ. ಚೀಲಗಳು ಕೊಳೆತು ಹೊಟ್ಟೆ ಒಡೆದಿದ್ದವು, ಬಾಯಿಯ ಗಂಟು ಮಾತ್ರ ಹಾಗೇ ಇತ್ತು. ಹರಿದ ನೂಲು ಕೂಡಿಸಲು ಮಗ್ಗದವರು ಹಾಕುವ ಗಂಟು. ಗಾಜಿನ ಚೀಲಕ್ಕೆ ಅದನ್ನು ಹಾಕುವವನು ಅವನೊಬ್ಬನೇ.

"ಇವು ನಮ್ಮ ಚೀಲಾನೇ ಕಣಮ್ಮಾ" ಎಂದ. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

ವೆಂಕಟಲಕ್ಷ್ಮಮ್ಮ ಕಾಲಿನ ಬಟ್ಟೆ ಬಿಗಿದುಕೊಂಡಳು. "ಮೊದ್ಲೇ ಗೊತ್ತಿದ್ರೆ ನಿಮ್ಮನೆ ಬಾಗ್ಲಿಗೆ ಸೊಪ್ಪು ತರ್ತಿದ್ನಾ?"

ಸಂಜೆ ಕೇಳಿದಾಗ ಲಕ್ಷ್ಮೀಪತಿ ತಪ್ಪಿಸಿಕೊಳ್ಳಲಿಲ್ಲ. "ಹೌದು, ಅಲ್ಲೇ ಹಾಕ್ದೆ. ಕ್ವಾರಿಗೆ ಹೋಗಿ ಬರೋಕೆ ಇಡೀ ದಿನ ಬೇಕು, ಎತ್ತು ಸೋತು ಮಲಗಿಬಿಡ್ತವೆ. ಆ ಕೆರೆ ಅಂಗಳಕ್ಕೆ ಯಾರು ಬರ್ತಾರೆ ಅಂದ್ಕೊಂಡೆ."

"ಸೊಪ್ಪು ಕೀಳೋ ಹೆಂಗಸರು ಬರ್ತಾರೆ ಕಣೋ."

"ಸಂಘದವರು ಹಾರ ಹಾಕ್ದಾಗ ಕೊರಳು ಒಡ್ಡಿದ್ಯಲ್ಲ, ಒಂದು ದಿನನಾದ್ರೂ ಗಾಡಿ ಹತ್ತಿ ಬಂದ್ಯಾ? ಕೇಳಿದ್ಯಾ?"

ಕೇಳದಿದ್ದದ್ದು ನಿಜ. ಆದರೂ ಇವನು ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಕೈಹಾಕಿ ಉಂಡವನು! ಬೇರೆ ಯಾರೇ ಮಾಡಿದ್ದರೂ ಬಾಯಿಗೆ ಬಂದಂತೆ ಬೈದು ಹಗುರಾಗಬಹುದಿತ್ತು. ಇವನನ್ನು ಬೈಯಲೂ ಬಾಯಿ ಬರಲಿಲ್ಲ.

"ನಂಬಿದ್ದೆ ಕಣೋ, ಅದಕ್ಕೇ ಕೇಳ್ಲಿಲ್ಲ" ಎಂದಷ್ಟೇ ಹೇಳಿ ಎದ್ದುಬಂದ.

ಎರಡು ದಿನ ಒಬ್ಬನೇ ಕೆರೆಯಂಗಳದ ಚೂರು ಆರಿಸಿ ಹೊಸ ಚೀಲಗಳಿಗೆ ತುಂಬಿದ. ವೆಂಕಟಲಕ್ಷ್ಮಮ್ಮ ದಡದಲ್ಲಿ ನಿಂತು ನೋಡಿದಳು. ಮೂರನೆಯ ಬೆಳಿಗ್ಗೆ ಚೀಲಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಬಡಾವಣೆ ಸಂಘದ ಕಾರ್ಯದರ್ಶಿ ಶ್ಯಾಮಸುಂದರರ ಗೇಟಿನ ಮುಂದೆ ನಿಲ್ಲಿಸಿದ. ನಡೆದದ್ದನ್ನೆಲ್ಲ ಹೇಳಿದ.

"ನಮ್ಮ ಪಾರ್ಕ್ ಕ್ಲೀನಾಗಿದೆಯಲ್ರೀ, ಅಷ್ಟು ಸಾಕು" ಎಂದರು ಶ್ಯಾಮಸುಂದರ. "ಎಲ್ಲಿಗೆ ಹೋಯ್ತು ಅನ್ನೋದು ನಿಮ್ಮ ತಲೆನೋವು. ವಿಜಯನಗರದವರಿಗೆ ನಾನೇ ನಿಮ್ಮ ಹೆಸರು ಹೇಳಿದೀನಿ. ಹೀಗೆ ಊರೆಲ್ಲಾ ಸಾರ್ಕೊಂಡು ಬಂದ್ರೆ ಅದೂ ಇಲ್ಲ, ಇದೂ ಇಲ್ಲ."

"ಎರಡೂ ಹೋಗ್ಲಿ ಬಿಡಿ ಸಾರ್" ಎಂದು ಮುನಿರಾಮಯ್ಯ ಚೀಲಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದ.

ರಂಗೋಲಿ ಹಾಕಲು ಹೊರಬಂದ ಶ್ಯಾಮಸುಂದರರ ಹೆಂಡತಿ ಅಂಬುಜಾ ಚೀಲದಿಂದ ಇಣುಕಿದ ಗಾಜು ಕಂಡು ಬೆಚ್ಚಿ ಹಿಂದೆ ಸರಿದರು. "ಅಯ್ಯೋ, ಬರಿಗಾಲಲ್ಲಿ ಓಡಾಡೋ ಜಾಗದಲ್ಲಿ ಇದನ್ನ ಇಳಿಸ್ತಿದ್ದೀರಲ್ಲಾ! ಯಾರಾದ್ರೂ ತುಳಿದ್ರೆ?"

"ಅದನ್ನೇ ಕೇಳೋಕೆ ಬಂದೆ ತಾಯಿ. ಆ ಕೆರೆ ಅಂಗಳದಲ್ಲೂ ಬರಿಗಾಲಲ್ಲೇ ಓಡಾಡ್ತಾರೆ."

ಅಂಬುಜಾ ಗಂಡನ ಕಡೆ ನೋಡಿದರು. ಶ್ಯಾಮಸುಂದರ ಹೆಂಡತಿಯ ಬರಿಗಾಲು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿ ಹೊರಬಂದು ಒಂದು ಚೀಲದ ತುದಿ ಹಿಡಿದು ಗಾಡಿಗೆ ಎತ್ತಿದರು.

"ನಡೀರಿ, ನಾನೂ ತಳ್ತೀನಿ. ಆ ಕ್ವಾರಿಗೆ ದಾರಿ ಯಾವ ಕಡೆ?"

ಮುನಿರಾಮಯ್ಯ ತಲೆ ತಗ್ಗಿಸಿದ. "ಕೆಂಗೇರಿಯಾಚೆ ಅಂತಷ್ಟೇ ಗೊತ್ತು, ದಾರಿ ನಂಗೂ ಗೊತ್ತಿಲ್ಲ ಸಾರ್. ನಾನೂ ಇವತ್ತೇ ಮೊದಲ್ನೇ ಸಲ ಹೋಗ್ತಿರೋದು."