ನೆಲಮಾಳಿಗೆಯ ತನಿಖೆ

“ಹಾಸಿಗೆ ತಣ್ಣಗಿದೆಯಲ್ಲೇ ಮುದುಕಿ? ಇಲ್ಲೇ ಮಲಗ್ತೀಯೋ, ನಮಗೆ ತೋರಿಸೋಕೆ ಹಾಸಿಟ್ಟಿದೀಯೋ?”

ತನಿಖೆಗೆ ಬಂದ ಬೆಲ್‌ಕಾಸಿಂ ಬೂಟು ಬಿಚ್ಚದೆ ಚಾಪೆ ತುಳಿದು ನಿಂತು, ಬಗ್ಗಿ, ಹಾಸಿಗೆಯೊಳಗೆ ಕೈ ತೂರಿಸಿದ್ದ. ಮೆಬಾರ್ಕಾ ಗೋಡೆಗೆ ಒರಗಿದ್ದಳು. ನಸುಕಿಗೇ ಎದ್ದು ಆಸ್ಪತ್ರೆಯ ಎರಡು ವಾರ್ಡು ಒರೆಸಿ ಬಂದವಳ ಹಾಸಿಗೆ ಹತ್ತು ಗಂಟೆಗೆ ಬಿಸಿ ಇರುವುದು ಹೇಗೆ?

ಸರ್ಕಾರದ ಕಡಿಮೆ ಬಾಡಿಗೆಯ ಮನೆಗೆ ಅರ್ಜಿ ಹಾಕಿ ಇಪ್ಪತ್ತೈದು ವರ್ಷವಾಗಿತ್ತು. ನಿಜಕ್ಕೂ ಇಲ್ಲೇ ವಾಸವಿದ್ದಾರೋ ಎಂದು ನೋಡಲು ತನಿಖೆಯವರು ಬಂದದ್ದು ಇದು ನಾಲ್ಕನೆಯ ಸಲ. ಒರಾನ್ ನಗರದ ಹಳೇ ಪೇಟೆಯಲ್ಲಿ, ಫ್ರೆಂಚರು ಕಟ್ಟಿ ಬಿಟ್ಟುಹೋದ ಐದು ಮಹಡಿಯ ಕಟ್ಟಡದ ಅಡಿಯಲ್ಲಿ, ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಮೆಬಾರ್ಕಾ ಮತ್ತು ಅವಳ ಮಗಳು ನುವಾರಾ ಬದುಕಿದ್ದರು.

ಬೆಲ್‌ಕಾಸಿಂ ಪಾತ್ರೆಯ ಮುಚ್ಚಳ ಎತ್ತಿ ಮೂಸಿದ. “ಅಲಸಂದೆ ಸಾರು. ಬರ್ಕೊ, ಅಡುಗೆ ಮಾಡ್ತಾರೆ.” ಜೊತೆಗಿದ್ದ ಗುಮಾಸ್ತ ಬರೆದುಕೊಂಡ. ಆಮೇಲೆ ಬೆಲ್‌ಕಾಸಿಂ ಟ್ರಂಕು ತೆಗೆದ. ಪೆನ್ನಿನ ತುದಿಯಿಂದ ನುವಾರಾಳ ಒಳಂಗಿಯನ್ನು ಎತ್ತಿ ಹಿಡಿದು, ಎರಡೂ ಕಡೆ ತಿರುಗಿಸಿ ನೋಡಿ ಹಾಕಿದ. ನುವಾರಾ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಎದೆ ಹಳೇ ತಿದಿಯ ಹಾಗೆ ಸೀಟಿ ಹೊಡೆಯುತ್ತಿತ್ತು.

“ಗಂಡಸಿನ ಚಡ್ಡಿ ಒಂದೂ ಇಲ್ಲ. ಅರ್ಜಿ ಮಾತ್ರ ನಿನ್ನ ಗಂಡ ಲಖ್ದರ್ ಹೆಸರಲ್ಲಿದೆ. ಎಲ್ಲಿ ಅವನು?”

“ಕರ್ಕಂಡೋದ್ರು.”

“ಯಾರು?”

“ಬಂದೂಕಿನೋರು. ತೊಂಬತ್ತೈದ್ರ ಗಲಾಟೆನಾಗೆ, ಅರ್ಜಿ ಹಾಕಿದ್ ವರ್ಸ. ಹೋದ್ ಮೂರ್ ಸಲಾನೂ ಬರ್ಕಂಡೋಗಿದೀರಲ್ಲ ಸಾಹೇಬ್ರೆ.”

“ಸತ್ತಿದಾನಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೋದನ್ನ ಎಲ್ಲಿ ಬರೀಲೇ ನಾನು? ಕಚೇರಿಗೆ ಬಾ.”

ಕಚೇರಿಯಲ್ಲಿ ಮನೆ ಹಂಚುವ ಸಮಿತಿಯ ಕಾರ್ಯದರ್ಶಿ ತುಹಾಮಿ ಅವಳನ್ನು ಮಧ್ಯಾಹ್ನದವರೆಗೆ ನಿಲ್ಲಿಸಿದ. ಕಾಫಿ ಕುಡಿದು ಮುಗಿಸಿ, ಕಡತ ತೆಗೆದ. “ಗಂಡ ಬದುಕಿದ್ರೆ ಅವನ ಸಂಬಳದ ಚೀಟಿ ತಾ. ಸತ್ತಿದ್ರೆ ಮರಣಪತ್ರ ತಾ. ಗಂಡ ಕಾಣೆಯಾದ ನಿನ್ನಂಥೋರಿಗೆಲ್ಲ ಕೋರ್ಟಲ್ಲಿ ಕೊಡ್ತಾರಲ್ಲ, ಯಾಕೆ ತಗೊಂಡಿಲ್ಲ?”

ಯಾಕೆ ತಗೊಂಡಿಲ್ಲ ಎಂಬುದಕ್ಕೆ ಹೇಳಲು ಅವಳಲ್ಲಿ ಒಂದು ಕಾಲಕ್ಕೆ ತುಂಬ ಮಾತಿತ್ತು. ಆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಲಖ್ದರನನ್ನು ತಾನೇ ಕೊಂದ ಹಾಗೆ ಎಂದು ಅವಳು ನಂಬಿದ್ದಳು. ಬುಧವಾರ ಬುಧವಾರ ಅವನ ಫೋಟೋ ಎದೆಗೆ ಒತ್ತಿಕೊಂಡು, ಇವಳಂತೆಯೇ ಕಾಯುವ ಹೆಂಗಸರ ಜೊತೆ ಚೌಕದಲ್ಲಿ ನಿಲ್ಲುತ್ತಿದ್ದಳು. ಈಗ ಆ ಮಾತೆಲ್ಲ ಎಲ್ಲಿ ಹೋಯಿತೋ.

“ಅದ್ ತಂದ್ರೆ ಮನೆ ಕೊಡ್ತೀರಾ?”

“ಕಡತ ಪೂರ್ತಿ ಆಗುತ್ತೆ.”

“ಬ್ಯಾಡ ಕಣವ್ವ,” ಎಂದಳು ಆ ರಾತ್ರಿ ಮನೆಯಲ್ಲಿ ನುವಾರಾ. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರು ತೆಗೆದುಕೊಂಡಳು. ಮೆಬಾರ್ಕಾ ಮಾರನೇ ದಿನವೇ ಕೋರ್ಟಿಗೆ ಹೋದಳು. ಅಲ್ಲಿನ ಗುಮಾಸ್ತ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ಅವನು ತಲೆ ಎತ್ತದೆ, “ದೇವರು ಅವನಿಗೆ ಶಾಂತಿ ಕೊಡಲಿ, ಮುಂದಿನೋರು ಬನ್ನಿ,” ಅಂದ.

ಸುದ್ದಿ ತಿಳಿದು, ಮೇಲೆ ತಾರಸಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ವಾಸವಿದ್ದ ಖೈರಾ ಸಾವಿನ ಮನೆಗೆ ತರುವ ಹಾಗೆ ತಟ್ಟೆ ತುಂಬ ಗೋಧಿರವೆಯ ಕುಸ್‌ಕುಸ್ ತಂದಳು. ಮೆಬಾರ್ಕಾಳ ಕುತ್ತಿಗೆ ತಬ್ಬಿ ಅತ್ತಳು. ಮೆಬಾರ್ಕಾ ಕೂತು ಉಂಡಳು. ಉಪ್ಪು ಕಡಿಮೆ ಎನ್ನಿಸಿತು. ಬೇರೇನೂ ಅನ್ನಿಸಲಿಲ್ಲ.

ಎರಡು ತಿಂಗಳಿಗೆ ಮನೆ ಸಿಕ್ಕವರ ಪಟ್ಟಿ ಅಂಟಿಸಿದರು. ನೂರಾರು ಜನ ಕಚೇರಿಯ ಗೋಡೆಗೆ ಮುಗಿಬಿದ್ದಿದ್ದರು. ಒಬ್ಬಳು ನೆಲಕ್ಕೆ ಬಿದ್ದು ಎದೆ ಬಡಿದುಕೊಳ್ಳುತ್ತಿದ್ದಳು. ನುವಾರಾ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು. ಅವರ ಹೆಸರು ಇರಲಿಲ್ಲ.

ತುಹಾಮಿ ಈ ಸಲ ಕಾಯಿಸಲಿಲ್ಲ. “ಅರ್ಜಿದಾರ ಸತ್ತಿದಾನಲ್ಲಮ್ಮ. ಸತ್ತೋನಿಗೆ ಮನೆ ಬಾಡಿಗೆಗೆ ಕೊಡೋಕಾಗುತ್ತಾ? ಅರ್ಜಿ ವಜಾ.”

“ನೀವೇ ತಾನೆ ಪತ್ರ ತತ್ತಾ ಅಂದಿದ್ದು?”

“ಕಡತ ಪೂರ್ತಿ ಮಾಡು ಅಂದೆ. ಪೂರ್ತಿ ಆಯ್ತು, ಮುಚ್ಚಿದ್ವಿ. ನಿನ್ನ ಹೆಸರಲ್ಲಿ ಹೊಸದು ಹಾಕು. ಇವತ್ತಿಂದ ಲೆಕ್ಕ.”

“ಇಪ್ಪತ್ತೈದ್ ವರ್ಸ?”

“ಅದು ಅವನದು.”

ಕಾರಿಡಾರಿನಲ್ಲಿ, ಜೊತೆಗೆ ಬಂದಿದ್ದ ಖೈರಾ ಅವನ ಅವ್ವನಿಂದ ಹಿಡಿದು ಅಜ್ಜಿಯವರೆಗೆ ಬೈದಳು. “ಥೂ, ಸೂಳೇಮಗ! ಹೆಣದ್ ಮ್ಯಾಲಿನ್ ಬಟ್ಟೆ ಬಿಚ್ಕಳೋ ಜಾತಿ! ನೀನ್ಯಾಕೆ ಬಾಯಿಗ್ ಬೀಗ ಜಡ್ಕಂಡಿದೀಯೇ?” ಮೆಬಾರ್ಕಾ ಹೊಸ ಅರ್ಜಿಯ ನಮೂನೆಯನ್ನು ನಾಲ್ಕು ಮಡಿಕೆ ಮಡಿಸುತ್ತಿದ್ದಳು.

ಹೊಸ ಅರ್ಜಿ ಎಂದಮೇಲೆ ಹೊಸ ತನಿಖೆ. ಒಂದು ಮಂಗಳವಾರ, ನುವಾರಾ ಔಷಧಿ ತರಲು ಹೋಗಿದ್ದಾಗ, ಬೆಲ್‌ಕಾಸಿಂ ಗುಮಾಸ್ತನ ಜೊತೆ ಮೆಟ್ಟಿಲಿಳಿದು ಬಂದ. ಅದೇ ಬೂಟು. ಅವಳನ್ನು ಎಂದೂ ನೋಡಿಲ್ಲದವನಂತೆ ಹೆಸರು ಕೇಳಿದ. ಹುಟ್ಟಿದ ವರ್ಷ ಕೇಳಿದ.

“ಗಂಡ?”

“ಸತ್ತ.” ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

“ಯಾವಾಗ?”

“ನೀವ್ ಕೇಳ್ದಾಗ.”

ಅವನಿಗೆ ಅರ್ಥವಾಗಲಿಲ್ಲ. “ಪರದೆ ಹಿಂದೆ ಇನ್ನೊಂದು ಕೋಣೆ ಇದ್ಯೇನೋ, ಬಚ್ಚಿಟ್ಟಿರ್ತಾರೆ ಕಳ್ಳಮುಂಡೇವು,” ಎನ್ನುತ್ತ ಗುಮಾಸ್ತನನ್ನೂ ಕರೆದುಕೊಂಡು ಒಳಮೂಲೆಗೆ ನಡೆದ. ಮೆಬಾರ್ಕಾ ಮೆಲ್ಲಗೆ ಹೊರಗೆ ಬಂದಳು. ಕಬ್ಬಿಣದ ಬಾಗಿಲು ಎಳೆದಳು. ಅಗುಳಿ ಹಾಕಿ, ಬೀಗ ಒತ್ತಿ, ಕೀಲಿಯನ್ನು ರವಿಕೆಯೊಳಗೆ ಇಳಿಸಿದಳು. ಆಸ್ಪತ್ರೆಯಲ್ಲಿ ವಾರ್ಡಿನ ಬಾಗಿಲು ಮುಚ್ಚಿ ಬರುವಷ್ಟೇ ಸಲೀಸಾಗಿ ಮುಗಿಸಿ, ಮೆಟ್ಟಿಲ ಮೇಲೆ ಕೂತಳು.

ಮೊದಲು ಬಾಗಿಲು ಬಡಿದರು. ಆಮೇಲೆ ಒದ್ದರು. “ಏಯ್ ಬೋಳಿ! ತೆಗಿಯೇ! ಜೈಲಿಗೆ ಹಾಕಿಸ್ತೀನಿ!”

ಮೇಲಿನ ಮಹಡಿಗಳ ಹೆಂಗಸರು ಮೆಟ್ಟಿಲ ಕಂಬಿಯ ಮೇಲಿಂದ ಬಾಗಿ ನೋಡಿದರು. ಖೈರಾ ಸೋಪಿನ ಕೈಯಲ್ಲೇ ಓಡಿ ಬಂದಳು. “ಏನೇ ಮಾಡ್ದೆ? ಪೊಲೀಸ್ನೋರು ಬತ್ತಾರೆ ಕಣೇ!”

“ಬರ್ಲಿ.”

ಖೈರಾ ಬಾಗಿಲನ್ನೂ ಇವಳನ್ನೂ ನೋಡಿದಳು. ಆಮೇಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಪಕ್ಕದಲ್ಲಿ ಕೂತಳು. ಇನ್ನಿಬ್ಬರು ಇಳಿದು ಬಂದು ಕೆಳಮೆಟ್ಟಿಲಲ್ಲಿ ಕೂತರು. ದಾರಿ ಮುಚ್ಚಿಹೋಯಿತು.

ಒಳಗಿನ ಬೈಗುಳ ಬಹಳ ಹೊತ್ತು ನಡೆಯಿತು. ಆಮೇಲೆ ತಗ್ಗಿತು. ಬಾಗಿಲ ಸಂದಿಗೆ ಬಾಯಿ ಇಟ್ಟು ಬೆಲ್‌ಕಾಸಿಂ ಬೇರೆಯೇ ದನಿಯಲ್ಲಿ ಕರೆದ.

“ಅಮ್ಮಾ... ಅಮ್ಮಾ, ಇಲ್ಲಿ ಗಾಳೀನೇ ಇಲ್ಲ.”

“ಬರ್ಕೋ,” ಅಂದಳು ಮೆಬಾರ್ಕಾ.